ದೊಡ್ಡಮ್ಮ ಬಡಿದೆಬ್ಬಿಸಿದ ಕುದುರೆ

ನಮ್ಮ ದೊಡ್ಡಮ್ಮನಿಗೆ ಕುದುರೆ ಹುಚ್ಚು. ರೇಸಿನ ಹುಚ್ಚಲ್ಲ, ಗಾಬರಿಯಾಗಬೇಡಿ. ನಿಜವಾದ ಕುದುರೆ ಕಂಡರೆ ಅವರು ನಾಲ್ಕು ಮಾರು ದೂರ! ಅವರಿಗೆ ಬೇಕಾದದ್ದು ಪುರಾತನ ಪರ್ಷಿಯಾದವರು ಬೆಳ್ಳಿ ತಟ್ಟೆಯ ಮೇಲೆ ಉಬ್ಬಿಸಿದ ಕುದುರೆ. ಅದಿರುವುದು ಮ್ಯಾನ್‌ಹಟನ್ನಿನ ಮ್ಯೂಸಿಯಮ್ಮಿನಲ್ಲಿ, ಗಾಜಿನೊಳಗೆ. ದೊಡ್ಡಪ್ಪನೂ ಅವರೂ ಎಷ್ಟೋ ಭಾನುವಾರ ಟ್ರೈನು ಹತ್ತಿ ಹೋಗಿ ಅದನ್ನೇ ನೋಡಿಕೊಂಡು ಬರುತ್ತಿದ್ದರು.

ದೊಡ್ಡಮ್ಮ ಅರಿವಳಿಕೆ ಡಾಕ್ಟರು. ಜನರನ್ನು ಮಲಗಿಸಿಯೇ ಸಂಬಳ ಪಡೆದವರು. ರಿಟೈರ್ ಆದದ್ದೇ ತಡ, ಕೆಂಡಲ್ ಪಾರ್ಕಿನ ಮನೆಯ ಗರಾಜಿನಲ್ಲಿ ಸುತ್ತಿಗೆ ಹಿಡಿದು ಬೀದಿಯನ್ನೆಲ್ಲ ಎಬ್ಬಿಸತೊಡಗಿದರು. ತಾಮ್ರದ ತಗಡನ್ನು ಹಿಂದಿನಿಂದ ಬಡಿದರೆ ಮುಂದೆ ಚಿತ್ರ ಉಬ್ಬಿ ಬರುತ್ತದಂತೆ. ಪರ್ಷಿಯಾದವರೂ ಹಾಗೇ ಬಡಿಯುತ್ತಿದ್ದರಂತೆ. ಬಡಿದಿರಬಹುದು, ಅವರಿಗೆ ಪಕ್ಕದ ಮನೆ ಇರಲಿಲ್ಲವೇನೋ?

ನಮಗಿತ್ತು. ಅಲ್ಲಿನ ಅಮೆರಿಕನ್ ಯಜಮಾನರು ಬಂದು, ರಿನೋವೇಶನ್ ಯಾವಾಗ ಮುಗಿಯುತ್ತದೆ ಎಂದು ನಯವಾಗಿ ವಿಚಾರಿಸಿದರು. "ಕುದುರೆ ಓಡಿದ ತಕ್ಷಣ" ಎಂದು ದೊಡ್ಡಮ್ಮ ಇಂಗ್ಲಿಷಿನಲ್ಲಿ ಅಷ್ಟೇ ನಯವಾಗಿ ಹೇಳಿದರು. ಅವರು ಮತ್ತೆ ಕೇಳಲಿಲ್ಲ.

ಮೊದಲ ಕುದುರೆ ಎಮ್ಮೆಯಾಗಿ ಹುಟ್ಟಿತು. ಎರಡನೆಯದಕ್ಕೆ ಒಂಟೆಯ ಕತ್ತು. ಮುಂದಿನದನ್ನು ನೋಡಿ ನನ್ನ ಮಗಳು, "ಸೋ ಕ್ಯೂಟ್, ಅಜ್ಜಿ! ಈಸ್ ಇಟ್ ಎ ಡಾಗ್?" ಅಂದಳು.

"ಕಿವಿ ಇನ್ನೂ ಬಂದಿಲ್ಲ ಪುಟ್ಟಿ" ಎಂದು ದೊಡ್ಡಮ್ಮ ತಲೆಯೆತ್ತದೆ ಬಡಿದರು.

ಕೊನೆಗೆ ನಾನೇ ಬಾಯಿಬಿಟ್ಟೆ. "ದೊಡ್ಡಮ್ಮ, ಆ ಕುದುರೇದು ಒಳ್ಳೇ ಫೋಟೊ ಆನ್‌ಲೈನಲ್ಲಿ ಸಿಗತ್ತೆ. ದೊಡ್ಡದಾಗಿ ಪ್ರಿಂಟ್ ಹಾಕಿಸಿಕೊಡ್ಲಾ?"

ಸುತ್ತಿಗೆ ನಿಂತಿತು. "ಫೋಟೊನ ಮುಟ್ಟಿ ನೋಡಕ್ಕಾಗತ್ತೇನೋ?"

ಗ್ಲಾಕೋಮಾದಿಂದ ದೊಡ್ಡಪ್ಪನ ಎರಡೂ ಕಣ್ಣು ಹೋಗಿರುವುದು ನನಗೆ ಗೊತ್ತಿತ್ತು. ಈ ಬಡಿತಕ್ಕೂ ಅದಕ್ಕೂ ಸಂಬಂಧವಿದೆ ಎಂದು ಮಾತ್ರ ಹೊಳೆದಿರಲಿಲ್ಲ. ಅಂದಿನಿಂದ ನಾನು ಬಾಯಿ ಮುಚ್ಚಿಕೊಂಡು ತಗಡು ಕತ್ತರಿಸಿಕೊಟ್ಟೆ.

ಕಳೆದ ತಿಂಗಳು ತಟ್ಟೆ ಮುಗಿಯಿತು. ದೊಡ್ಡಮ್ಮ ಅದನ್ನು ದೊಡ್ಡಪ್ಪನ ತೊಡೆಯ ಮೇಲಿಟ್ಟು ಪಕ್ಕದಲ್ಲಿ ಕೂತರು. ದೊಡ್ಡಪ್ಪನ ಬೆರಳು ಕುದುರೆಯ ಕತ್ತಿನಿಂದ ಇಳಿದು, ಬೆನ್ನು ದಾಟಿ, ಹಿಂದಕ್ಕೆ ಹೋಗಿ ನಿಂತಿತು.

"ಬಾಲಕ್ಕೆ ಗಂಟು ಕೂಡ ಹಾಕಿದೀಯಲ್ಲೇ. ಅಲ್ಲಿರೋದಕ್ಕೂ ಹೀಗೇ ಇತ್ತು."

ದೊಡ್ಡಪ್ಪ ತಟ್ಟೆಯಿಂದ ಕೈ ತೆಗೆದು, ತಡವರಿಸಿ ದೊಡ್ಡಮ್ಮನ ಕೈ ಹಿಡಿದರು. ಹೆಬ್ಬೆರಳಿನ ಬೊಕ್ಕೆಗಳ ಮೇಲೆ ಬಹಳ ಹೊತ್ತು ಬೆರಳಾಡಿಸುತ್ತ ಕೂತರು.