ಪಕ್ಷಮಾಸಕ್ಕೆ ಮುಂಚೆ ಡೆನ್ಮಾರ್ಕು

ಗಂಡನನ್ನು ಫಾರಿನ್ನಿಗೆ ಕಳಿಸಿದವಳು ನಾನು. ಈ ಮಾತನ್ನು ತುಮಕೂರಿನಲ್ಲಿ ಯಾರ ಮುಂದೆ ಬೇಕಾದರೂ ಹೇಳುತ್ತೇನೆ, ಗುಬ್ಬಿಯಲ್ಲಿ ಮಾತ್ರ ಹೇಳುವ ಹಾಗಿಲ್ಲ. ಅಲ್ಲಿ ಅವರನ್ನು ಕಳಿಸಿದವರು ಅವರ ಅಕ್ಕ ಸರ್ವಮಂಗಳಮ್ಮನವರಂತೆ. ಫೋಟೋ ಸಾಕ್ಷಿ ಬೇರೆ ಇದೆಯಂತೆ. ಇರಲಿ, ನಡೆದದ್ದನ್ನು ನಡೆದ ಹಾಗೇ ಹೇಳುತ್ತೇನೆ, ನ್ಯಾಯ ನೀವೇ ಹೇಳಿ.

ನಮ್ಮ ಯಜಮಾನರು ಶಿವರಾಮಯ್ಯ, ದನದ ಡಾಕ್ಟರು. (ಜನರ ಡಾಕ್ಟರಲ್ಲ ಎನ್ನುವುದು ನಮ್ಮ ಕಡೆಯವರಿಗೆ ತಾಳಿ ಕಟ್ಟಿದ ಮೇಲೆ ಗೊತ್ತಾಯಿತು. ಆ ಕಥೆ ಈಗ ಬೇಡ.) ಎಪ್ಪತ್ತೊಂಬತ್ತರಲ್ಲಿ ಅವರಿಗೆ ಡೆನ್ಮಾರ್ಕಿನ ಒಂದು ಕಾಲೇಜಿನಲ್ಲಿ ಹತ್ತು ತಿಂಗಳು ಹಾಲಿನ ಡೈರಿಯ ವಿಷಯ ಓದಲು ಸ್ಕಾಲರ್‌ಷಿಪ್ ಸಿಕ್ಕಿತು. ನಲವತ್ತನೇ ವಯಸ್ಸಿಗೆ ಮತ್ತೆ ವಿದ್ಯಾರ್ಥಿ! ಪಾಸ್‌ಪೋರ್ಟು ಬಂತು, ವೀಸಾ ಬಂತು, ಉಣ್ಣೆ ಸೂಟು ಹೊಲಿಸಿದ್ದಾಯಿತು. ಬೀದಿ ನಲ್ಲಿಯ ಸಾಲಿನಲ್ಲಿ ಹೆಂಗಸರು 'ನೀವು ಮೊದಲು ಹಿಡ್ಕೊಳಿ ವನಜಮ್ಮ' ಎಂದು ತಮ್ಮ ಬಿಂದಿಗೆ ಹಿಂದಕ್ಕೆ ಸರಿಸತೊಡಗಿದರು. ಹದಿನಾರು ವರ್ಷದ ಸಂಸಾರದಲ್ಲಿ ನನಗೆ ಅಂಥ ರಾಜಮರ್ಯಾದೆ ಸಿಕ್ಕಿದ್ದು ಅದೇ ಮೊದಲು. ಅದನ್ನು ಕಳೆದುಕೊಳ್ಳಲು ನಾನೇನು ದಡ್ಡಿಯೇ?

ಕಾಲೇಜು ಶುರುವಾಗುವುದು ಸೆಪ್ಟೆಂಬರ್ ಇಪ್ಪತ್ತಕ್ಕೆ. ವೀಸಾ ಜಾರಿಗೆ ಬರುವುದು ಹದಿನೆಂಟಕ್ಕೆ. ಇದೆಲ್ಲ ಡೆನ್ಮಾರ್ಕಿನ ಲೆಕ್ಕ. ನಮ್ಮ ಲೆಕ್ಕ ಕೇಳಲು ನಾನು ಕುಣಿಗಲ್ಲಿಗೆ, ನಮ್ಮಪ್ಪ ವೆಂಕಟರಂಗಯ್ಯನವರ ಹತ್ತಿರ ಹೋದೆ. ಅಪ್ಪ ಪಂಚಾಂಗವನ್ನು ಮೂಗಿಗೆ ತಾಗಿಸಿಕೊಂಡು ನೋಡಿ ಹೌಹಾರಿದರು.

"ಏಳನೇ ತಾರೀಖಿಂದ ಪಕ್ಷಮಾಸ ಕಣಮ್ಮ! ಇಪ್ಪತ್ತೊಂದಕ್ಕೆ ಅಮಾವಾಸ್ಯೆ. ಹಿರೀಕರಿಗೆ ಎಡೆ ಇಡೋ ದಿನದಲ್ಲಿ ಯಾರಾದ್ರೂ ಸಮುದ್ರ ದಾಟಕ್ಕೆ ಮನೆಯಿಂದ ಹೊರಡ್ತಾರಾ? ಮೂರನೇ ತಾರೀಖು ಸೋಮವಾರ ಹತ್ತೂಕಾಲಿಗೆ ದಿವ್ಯವಾಗಿ ಅದೆ. ಕಳಿಸ್ಬುಡು."

ಮನೆಗೆ ಬಂದು ಯಜಮಾನರಿಗೆ ಅಪ್ಪಣೆ ತಿಳಿಸಿದೆ.

"ವೀಸಾ ಹದಿನೆಂಟರಿಂದ ಕಣೇ," ಎಂದರು.

"ಇರ್ಲಿ ಬಿಡಿ. ನೆಂಟರು ನಾಲ್ಕು ದಿನ ಮುಂಚೆ ಬಂದ್ರೆ ಯಾರಾದ್ರೂ ಬಾಗಿಲಲ್ಲಿ ನಿಲ್ಲಿಸಿ ವಾಪಸ್ ಕಳಿಸ್ತಾರೇನ್ರಿ?"

"ನಾನು ನೆಂಟ ಅಲ್ಲ ಕಣೇ, ಸ್ಟೂಡೆಂಟು. ಅದಕ್ಕೆ ಮುಂಚೆ ದೇಶದೊಳಕ್ಕೆ ಬಿಡಲ್ಲ."

"ನಮ್ಮ ಮದುವೆಗೆ ನಿಮ್ಮ ಕಡೆಯವರು ಹಿಂದಿನ ದಿನ ಮಧ್ಯಾಹ್ನಕ್ಕೇ ಬಂದು ಇಳಿದ್ರು. ಛತ್ರದವನು ಬಿಡಲಿಲ್ವಾ? ಸ್ವಲ್ಪ ಬಾಯಿಬಿಟ್ಟು ಹೇಳಿದ್ರೆ ಅವರೂ ಮನುಷ್ಯರೇ, ಬಿಡ್ತಾರೆ."

ನಮ್ಮ ಯಜಮಾನರಿಗೆ ಕೊಂಬಿರುವ ಎತ್ತಿನ ಹತ್ತಿರ ವಾದ ಮಾಡಿ ಗೊತ್ತು, ನನ್ನ ಹತ್ತಿರ ಮಾಡಿ ಗೊತ್ತಿಲ್ಲ. ಬೆಂಗಳೂರಿಗೆ ಹೋಗಿ ಟಿಕೆಟ್ಟಿನ ತಾರೀಖು ಹಿಂದಕ್ಕೆ ಹಾಕಿಸಿಕೊಂಡು ಬಂದರು. ಮೂರನೇ ತಾರೀಖು ಹತ್ತೂಕಾಲಿಗೆ ಸರಿಯಾಗಿ ಆರತಿ ಎತ್ತಿ, ಹಾರ ಹಾಕಿ, ಬಲಗಾಲು ಮುಂದಿಡಿಸಿ ಹೊರಡಿಸಿದೆ. ಇಡೀ ಬೀದಿ ಬಂದಿತ್ತು. ನಾನು ಗಳಗಳನೆ ಅತ್ತೆ. (ನಿಜವಾಗಿಯೂ ಅತ್ತೆ. ಎಷ್ಟಾದರೂ ಗಂಡ.)

ಹನ್ನೊಂದನೇ ತಾರೀಖು ಬೆಳಿಗ್ಗೆ ಬಾಗಿಲಿಗೆ ನೀರು ಹಾಕೋಣವೆಂದು ಹೊರಗೆ ಬಂದರೆ, ಉಣ್ಣೆ ಸೂಟು ಹಾಕಿಕೊಂಡ ಒಬ್ಬ ಮನುಷ್ಯ ಸೂಟ್‌ಕೇಸ್ ಹಿಡಿದುಕೊಂಡು ಗೇಟು ತೆಗೆಯುತ್ತಿದ್ದಾನೆ. ನೋಡುತ್ತೇನೆ, ನಮ್ಮ ಯಜಮಾನರು!

"ಏನ್ರೀ ಇದು?"

"ಬಿಡಲಿಲ್ಲ ಕಣೇ," ಎಂದರು ಸೋತ ದನಿಯಲ್ಲಿ. "ವಿಮಾನ ಇಳೀತಿದ್ದ ಹಾಗೆ ಆಫೀಸರು ವೀಸಾ ನೋಡ್ದ. ಹನ್ನೆರಡು ದಿನ ಮುಂಚೆ ಯಾಕೆ ಬಂದೆ ಅಂದ. ಪಕ್ಷಮಾಸ ಅಂದೆ. ಹಾಗಂದ್ರೇನು ಅಂದ. ಸತ್ತುಹೋಗಿರೋ ನಮ್ಮ ತಾತ ಮುತ್ತಾತಂದಿರು ಮನೆಗೆ ಊಟಕ್ಕೆ ಬರೋ ಕಾಲ, ಅವರು ಬರೋದ್ರೊಳಗೆ ನಾನು ಹೊರಟುಬಿಡಬೇಕಾಗಿತ್ತು ಅಂತ ಇಂಗ್ಲಿಷಲ್ಲಿ ಬಿಡಿಸಿ ಹೇಳ್ದೆ. ಅವನು ಹೋಗಿ ಇನ್ನಿಬ್ಬರು ಆಫೀಸರನ್ನ ಕರಕೊಂಡು ಬಂದ. ಮಾರನೇ ದಿನದ ವಿಮಾನಕ್ಕೆ ಹತ್ತಿಸಿಬಿಟ್ರು. ಪುಣ್ಯಕ್ಕೆ ಕಾಲೇಜಿನವರು ಒಳ್ಳೆ ಜನ, ಹದಿನೆಂಟಕ್ಕೆ ಬಾ, ಟಿಕೆಟ್ ನಾವೇ ನೋಡ್ಕೋತೀವಿ ಅಂದಿದ್ದಾರೆ. ಸರಿ, ಸರಿ, ಒಂದು ಲೋಟ ಕಾಫಿ ಕೊಡು," ಎನ್ನುತ್ತಾ ಮೆಟ್ಟಿಲು ಹತ್ತಿದರು.

"ನಿಲ್ಲಿ ಅಲ್ಲೇ!" ಎಂದು ಕಿರುಚಿದೆ. ಕೈಯಲ್ಲಿದ್ದ ಪೊರಕೆ ತಾನಾಗಿಯೇ ಅಡ್ಡ ಹೋಯಿತು. "ಒಳಗೆ ಬಂದ್ರೆ ಮತ್ತೆ ಹೊರಡಬೇಕು ತಾನೆ? ಪಕ್ಷಮಾಸದಲ್ಲಿ ಹೊರಟ ಹಾಗಾಗುತ್ತೆ. ಹೊಸ್ತಿಲು ತುಳೀದೇ ಇದ್ರೆ ನೀವಿನ್ನೂ ಮೂರನೇ ತಾರೀಖು ಹೊರಟ ಲೆಕ್ಕದಲ್ಲೇ ಇರ್ತೀರಾ."

"ಅಲ್ವೇ, ಆ ಆಫೀಸರಾದ್ರೂ ಕೂತ್ಕೋ ಅಂತ ಕುರ್ಚಿ ಕೊಟ್ಟಿದ್ದ ಕಣೇ!"

"ಹಾಗಾದ್ರೆ ಅಲ್ಲಿಗೇ ಹೋಗಿ."

ಕಾಫಿಯನ್ನು ಕಿಟಕಿಯಿಂದ ಕೊಟ್ಟೆ. ಎದುರುಮನೆ ಭದ್ರಮ್ಮ ಏಳುವುದರೊಳಗೆ ಈ ಮನುಷ್ಯ ಬೀದಿ ಖಾಲಿ ಮಾಡಬೇಕಿತ್ತು. ಇಲ್ಲದಿದ್ದರೆ ನಲ್ಲಿಯ ಹತ್ತಿರ ನನ್ನ ಬಿಂದಿಗೆಯ ಗತಿ ಏನು? "ನಾಲ್ಕು ದಿನ ಗುಬ್ಬಿಗೆ ಹೋಗಿ ನಿಮ್ಮಕ್ಕನ ಮನೇಲಿ ಇದ್ದು ಅಲ್ಲಿಂದಲೇ ಹೋಗಿ," ಎಂದು ನಾನೇ ಹೇಳಿದೆ. ಹೌದು, ನಾನೇ. ನನ್ನ ನಾಲಿಗೆಗೆ ಆವತ್ತು ಏನು ಬಂದಿತ್ತೋ ಕಾಣೆ.

ನಮ್ಮ ಅತ್ತಿಗೆ, ಎಂದರೆ ಆ ಸರ್ವಮಂಗಳಮ್ಮ, ಸಾಮಾನ್ಯದವರಲ್ಲ. ಮನೆ ತುಂಬ ತೆಂಗಿನಕಾಯಿ, ಬಾಯಿ ತುಂಬ ಮಾತು. ತಮ್ಮ ಹೋದದ್ದೇ ತಡ, ದಿನಕ್ಕೊಂದು ಪಾಯಸ, ಎರಡು ದಿನಕ್ಕೊಮ್ಮೆ ಎಣ್ಣೆನೀರು. ಹದಿನೈದನೇ ತಾರೀಖು ವಾಲಗ ಊದಿಸಿ, ಮಂಡಿ ವರ್ತಕರನ್ನೆಲ್ಲ ಕರೆದು, ತಮ್ಮನನ್ನು ಬಸ್‌ಸ್ಟ್ಯಾಂಡಿನವರೆಗೆ ಮೆರವಣಿಗೆಯಲ್ಲಿ ಕಳಿಸಿಕೊಟ್ಟರಂತೆ. ಸ್ಟುಡಿಯೋದವನನ್ನು ಕರೆಸಿ ಫೋಟೋ. ಯಜಮಾನರ ಪಕ್ಕದಲ್ಲಿ, ನಾನು ನಿಲ್ಲಬೇಕಾದ ಜಾಗದಲ್ಲಿ, ಅತ್ತಿಗೆ ಜರಿ ಸೀರೆಯುಟ್ಟು ನಿಂತಿದ್ದಾರೆ. ಪಕ್ಷಮಾಸವಲ್ಲವೇ ಎಂದು ಯಾರೋ ಕೇಳಿದ್ದಕ್ಕೆ, "ನಮ್ಮನೆಗೆ ಬಂದ ನೆಂಟ ಹೋಗ್ತವ್ನೆ, ನೆಂಟರು ಹೋಗಕ್ಕೂ ಮುಹೂರ್ತ ನೋಡ್ತಾರಾ?" ಎಂದರಂತೆ. ಕೇಳಿ ಮೈಯೆಲ್ಲ ಉರಿದುಹೋಯಿತು.

ಹೋಗಲಿ, ಹತ್ತು ತಿಂಗಳು ಹಲ್ಲು ಕಚ್ಚಿಕೊಂಡಿದ್ದೆ. ಬರುವಾಗಲಾದರೂ ನನ್ನ ಮನೆಗೇ ಬರಬೇಕಲ್ಲ! ಜುಲೈನಲ್ಲಿ ಬರುತ್ತೇನೆಂದು ಕಾಗದ ಬಂತು. ಮನೆಗೆ ಸುಣ್ಣ ಬಳಿಸಿದೆ. ಮಾವಿನ ತೋರಣ ಕಟ್ಟಿದೆ. ಬೀದಿಯವರಿಗೆಲ್ಲ ಹೇಳಿದೆ. ನಿಜ ಹೇಳುತ್ತೇನೆ, ಬಿಂದಿಗೆ ಮರ್ಯಾದೆಗಾಗಿ ಮಾತ್ರ ಅಲ್ಲ. ಆ ಮನುಷ್ಯನ ಗೊರಕೆ ಕೇಳದೆ ನನಗೆ ನಿದ್ದೆ ಸರಿಯಾಗಿ ಹತ್ತುತ್ತಿರಲಿಲ್ಲ. ಬೆಳಗಿನಿಂದ ಸಂಜೆವರೆಗೆ ಬಾಗಿಲಲ್ಲಿ ನಿಂತೆ. ಸಂಜೆ ಭದ್ರಮ್ಮನ ಗಂಡ ಬಂದು, "ನಿಮ್ಮೆಜಮಾನ್ರು ಮಧ್ಯಾಹ್ನವೇ ಗುಬ್ಬಿ ಬಸ್ಸಲ್ಲಿ ಹೋದ್ರಲ್ಲಾ, ಸ್ವಲ್ಪ ದಪ್ಪ ಆಗವ್ರೆ," ಎಂದ.

ಮಾರನೇ ದಿನವೇ ಕುಣಿಗಲ್ಲಿನಿಂದ ಅಪ್ಪನನ್ನು ಕರೆಸಿಕೊಂಡು, ಪಂಚಾಂಗ ಸಮೇತ ಗುಬ್ಬಿಗೆ ನುಗ್ಗಿದೆ. ಅತ್ತಿಗೆ ನಡುಮನೆಯಲ್ಲೇ ಕೂತಿದ್ದರು. ಮೈಮೇಲೆ ಡೆನ್ಮಾರ್ಕಿನ ಸ್ವೆಟರು.

"ಅವರನ್ನ ಕಳಿಸಿಕೊಡಿ," ಎಂದೆ.

"ಕಳಿಸ್ತೀನಿ ಕಣೇ ವನಜಾ, ನಾನೇನು ಬೇಡ ಅಂದೆನಾ? ಆದ್ರೆ ಈಗ ಆಷಾಢ. ಹತ್ತು ತಿಂಗಳು ಕಾಲಿಡದ ಮನೆಗೆ ಕಾಲಿಡೋದು ಅಂದ್ರೆ ಗೃಹಪ್ರವೇಶದ ಲೆಕ್ಕ. ಆಷಾಢದಲ್ಲಿ ಮಾಡ್ತಾರಾ?"

"ಮತ್ತೆ ನಿಮ್ಮನೆಗೆ ಹೆಂಗೆ ಬಂದ್ರು?"

"ಅವನು ಹೊರಟಿದ್ದು ಇಲ್ಲಿಂದ ತಾನೇ? ಹೊರಟ ಹೊಸ್ತಿಲಿಗೆ ವಾಪಸ್ ಬರಕ್ಕೆ ಯಾವ ಮಾಸವೂ ಅಡ್ಡ ಇಲ್ಲ. ನಿಮ್ಮಪ್ಪನ್ನೇ ಕೇಳು."

ಅಪ್ಪನ ಕಡೆ ತಿರುಗಿದೆ. "ಹೇಳಪ್ಪಾ!"

ಅಪ್ಪ ಪಂಚಾಂಗವನ್ನು ಮೂಗಿಗೆ ತಾಗಿಸಿಕೊಂಡರು. ಹಾಳೆ ಮಗುಚಿದರು. ಇನ್ನೊಂದು ಮಗುಚಿದರು. ಕೊನೆಗೆ, "ಆಯಮ್ಮ ಹೇಳೋದು ಸರಿಯಾಗೇ ಅದೆ ಕಣಮ್ಮ," ಎಂದರು. ಹೆತ್ತ ಅಪ್ಪ!

ನನಗೆ ಅಳು ಒತ್ತರಿಸಿಕೊಂಡು ಬಂತು. ಮರ್ಯಾದೆ ಬಿಟ್ಟು ನೇರವಾಗಿ ಊಟದ ಮನೆಗೇ ಹೋದೆ. ಯಜಮಾನರು ಎಲೆಯ ಮುಂದೆ ಕೂತಿದ್ದರು. "ನೋಡ್ರಿ, ನನಗೆ ಯಾವ ಶಾಸ್ತ್ರವೂ ಬೇಡ, ಆಷಾಢವೂ ಬೇಡ. ತಪ್ಪಾಯ್ತು ಅಂದ್ಕೊಳಿ. ಈಗಲೇ ಎದ್ದು ಮನೆಗೆ ನಡೀರಿ," ಎಂದೆ.

ಹದಿನೇಳು ವರ್ಷದಲ್ಲಿ ನನ್ನ ಮಾತಿಗೆ ಒಮ್ಮೆಯೂ ಎದುರಾಡದ ಮನುಷ್ಯ ತಲೆ ಎತ್ತಿ ನನ್ನನ್ನು ನೋಡಿದರು. ಮುಖ ಗುಂಡಗೆ, ಕಳೆಕಳೆಯಾಗಿತ್ತು.

"ಛೇ ಛೇ, ಎಂಥ ಮಾತಾಡ್ತೀಯೇ? ನಿನ್ನಂಥೋಳೇ ಶಾಸ್ತ್ರ ಬಿಟ್ರೆ ಹೆಂಗೆ?" ಎಂದರು. "ಶ್ರಾವಣಕ್ಕೆ ಇನ್ನು ಇಪ್ಪತ್ತಾರೇ ದಿನ. ಹೆಂಗೋ ತಡಕೋತೀನಿ ಬಿಡು."

ಹಾಗೆಂದು ಹೇಳಿ, ಅಕ್ಕನ ಕಡೆ ತಿರುಗಿ, ಇನ್ನೊಂದು ಒಬ್ಬಟ್ಟು ಹಾಕಿಸಿಕೊಂಡರು.