ಮಾವನಿಗೆ ಹೇಳಿದ ಥ್ಯಾಂಕ್ಯೂ

ಥ್ಯಾಂಕ್ಯೂ ಎಂಬ ಶಬ್ದದ ಅರ್ಥ ನನಗೆ ಚೆನ್ನಾಗಿ ಗೊತ್ತಿತ್ತು. ಎಲ್ಲಿ ಬಳಸಬೇಕು ಎಂಬುದೂ ಗೊತ್ತಿತ್ತು: ಎಲ್ಲ ಕಡೆ! ರಾಣೇಬೆನ್ನೂರಿನಲ್ಲಿ ನಮ್ಮ ಕಚೇರಿಯವರಿಗೆ ನಡೆದ ತರಬೇತಿಯಲ್ಲಿ ಟೈ ಕಟ್ಟಿದವರೊಬ್ಬರು, "ದಿನಕ್ಕೆ ಇಪ್ಪತ್ತು ಸಲ ಥ್ಯಾಂಕ್ಯೂ ಹೇಳಿ, ಸಂಬಂಧಗಳು ಅರಳುತ್ತವೆ" ಅಂದಿದ್ದರು. ಹತ್ತು ಅಂದರೋ ಇಪ್ಪತ್ತೋ, ಈಗ ಆಣೆ ಮಾಡಿ ಹೇಳಲಾರೆ. ನಾನಂತೂ ಇಪ್ಪತ್ತನ್ನೇ ಹಿಡಿದೆ.

ಹಾವೇರಿಗೆ ಮರಳುವ ಬಸ್ಸಿನಲ್ಲೇ ಶುಭಾರಂಭ. ಟಿಕೆಟ್ ಕೊಟ್ಟ ಕಂಡಕ್ಟರಿಗೆ ಥ್ಯಾಂಕ್ಯೂ ಅಂದೆ. ಅವರು ಗಾಬರಿಯಾಗಿ ಟಿಕೆಟ್ ವಾಪಸ್ ಇಸಿದುಕೊಂಡು ಮತ್ತೊಮ್ಮೆ ಓದಿ ನೋಡಿದರು.

ಮನೆಯಲ್ಲಿ ಹೆಂಡತಿ ಸರೋಜಾ ಚಹಾ ಕೊಟ್ಟಳು.

"ಥ್ಯಾಂಕ್ಯೂ."

"ಯಾಕ್ರಿ? ಏನರ ತಪ್ಪು ಮಾಡಿ ಬಂದೀರೇನು?"

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಮರುದಿನ ಬ್ಯಾಡಗಿಯಿಂದ ನಮ್ಮ ಮಾವ ಬಂದರು. ತಮ್ಮ ಹೊಲದ ಮೆಣಸಿನಕಾಯಿ ಒಂದು ಚೀಲ ಮಗಳ ಮನೆಗೆ ಹೊತ್ತು ತರುವುದು ಅವರು ಪ್ರತಿ ವರ್ಷ ನಡೆಸಿಕೊಂಡು ಬಂದ ಪದ್ಧತಿ. ನಮ್ಮ ವರ್ಷದ ಖಾರದ ಪುಡಿ ಅದರಲ್ಲೇ. ಚೀಲ ಇಳಿಸುತ್ತಿದ್ದಂತೆ ನಾನು ಎದ್ದು ನಿಂತು ಕೈ ಜೋಡಿಸಿದೆ.

"ಥ್ಯಾಂಕ್ಯೂ ಮಾವಾರ! ಥ್ಯಾಂಕ್ಯೂ ವೆರಿ ಮಚ್!"

ತಲೆಯನ್ನೂ ಬಾಗಿಸಿದೆನಂತೆ. ಅದು ಸರೋಜಾಳ ಹೇಳಿಕೆ, ನಾನು ಒಪ್ಪುವುದಿಲ್ಲ.

ಮಾವ ಸರೋಜಾ ಕೊಟ್ಟ ನೀರಿನ ಚೊಂಬು ಕೆಳಗಿಟ್ಟರು. "ಅಳ್ಯಾರ, ಇದನ್ನ ಅಂಗಡ್ಯಾವ್ರಿಗೆ ಹೇಳ್ತಾರ. ನಾ ಏನು ಮಗಳ ಮನಿಯಾಗ ವ್ಯಾಪಾರಕ್ಕ ಬಂದೇನೇನು?"

ಚೀಲ ಮತ್ತೆ ಹೆಗಲೇರಿತು. ಮಾವ ಬಸ್ ಸ್ಟ್ಯಾಂಡ್ ಕಡೆ ಹೊರಟೇಬಿಟ್ಟರು!

"ನಮ್ಮಪ್ಪನ್ನ ಹೊರಗಿನವ್ರನ್ನ ಮಾಡಿದ್ರಲ್ರಿ!" ಸರೋಜಾ ಕಣ್ಣೊರೆಸಿಕೊಂಡಳು. "ಆ ಚೀಲ ಬರೂತನಕ ಈ ಮನ್ಯಾಗ ಸಾರು ಇಲ್ಲ."

ಭಾನುವಾರದವರೆಗೆ ಮಜ್ಜಿಗೆ ಅನ್ನ ಉಂಡು ಇಬ್ಬರೂ ಬ್ಯಾಡಗಿಗೆ ಹೋದೆವು. ದಾರಿಯುದ್ದಕ್ಕೂ ಒಂದೇ ಉಪದೇಶ: "ಬಾಯಿ ತೆರೀಬ್ಯಾಡ್ರಿ."

ಮಾವ ಕಟ್ಟೆಯ ಮೇಲೆ ಕೂತು ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದರು. ನಮ್ಮನ್ನು ಕಂಡು ಮುಖ ಆಚೆ ತಿರುಗಿಸಿದರು. ನಾನೂ ಪಕ್ಕದಲ್ಲಿ ಕೂತು ಮುರಿಯತೊಡಗಿದೆ. ಸ್ವಲ್ಪ ಹೊತ್ತಿಗೆ ಮರೆತು ಕಣ್ಣುಜ್ಜಿದೆ. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಜಗತ್ತಿಗೆಲ್ಲ ಗೊತ್ತು. ನನ್ನ ಕಣ್ಣಿಗೆ ಗೊತ್ತಿರಲಿಲ್ಲ!

"ಅಯ್ಯ, ಅಳ್ಯಾರು ಅಳಾಕತ್ತಾರಲ್ಲೇ ಸರೂ!" ಮಾವ ಕರಗಿದರು. "ನಾನೂ ಒಂದ್ಮಾತು ಹೆಚ್ಚಿಗಿ ಅಂದೆ, ಬಿಡ್ರಿ."

ಅದು ಪಶ್ಚಾತ್ತಾಪದ ಕಣ್ಣೀರೇ ಎಂದು ಈಗ ನನ್ನ ನೆನಪು ಸಾಕ್ಷಿ ಹೇಳುತ್ತದೆ. ಅದು ನನ್ನದೇ ನೆನಪಾದ್ದರಿಂದ ನಾನು ನಂಬುವುದಿಲ್ಲ.

ಹೊರಡುವಾಗ ಮಾವ ತಾವೇ ಚೀಲವನ್ನು ನನ್ನ ಹೆಗಲ ಮೇಲಿಟ್ಟರು. ಮನಸ್ಸು ತುಂಬಿ ಬಂತು. ಬಾಯಿ ತಾನಾಗಿ ತೆರೆಯಿತು. "ಥ್ಯಾಂ..."

ಸರೋಜಾ ನನ್ನ ಕಾಲ್ಬೆರಳು ತುಳಿದಳು.

"ಅಯ್ಯಯ್ಯೋ!"

"ಭಾರ ಆತೇನ್ರಿ? ಕಚೇರ್ಯಾಗ ಕುಂದ್ರೂ ಮಂದಿ ನೀವು, ಪಾಪ," ಎಂದು ಮಾವ ಅತ್ಯಂತ ಪ್ರೀತಿಯಿಂದ ಚೀಲ ಇಳಿಸಿ ಅರ್ಧ ಕಾಯಿ ಹೊರಗೆ ಸುರುವಿದರು.

ಅರ್ಧ ಚೀಲದಲ್ಲೇ ವರ್ಷ ತಳ್ಳಬೇಕಾದ್ದರಿಂದ ಈ ವರ್ಷ ನಮ್ಮ ಮನೆಯ ಸಾರಿಗೆ ಬಣ್ಣವೂ ಇಲ್ಲ, ಖಾರವೂ ಇಲ್ಲ. ಖಾರವೆಲ್ಲ ಬಡಿಸುವವಳ ಮಾತಿನಲ್ಲಿದೆ. ತೆಪ್ಪಗೆ ಉಣ್ಣುತ್ತೇನೆ. ಥ್ಯಾಂಕ್ಯೂ ಮಾತ್ರ ಹೇಳುವುದಿಲ್ಲ!