ಹೋತ ಸವರಿದ ತಪಸಿ

ನಾನು ನಿಂತಿದ್ದದ್ದು ಮಹಡಿಗೆ ಹೋಗುವ ಹೊರಮೆಟ್ಟಿಲಿನಲ್ಲಿ, ಕೆಳಗಿನಿಂದ ಎಣಿಸಿದರೆ ಐದನೆಯ ಮೆಟ್ಟಿಲ ಮೇಲೆ. ಸಮಯ ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷ. ಮೇ ತಿಂಗಳ ಒಂದು ಭಾನುವಾರ. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಬಲಗೈಯಲ್ಲಿ ಹಲ್ಲುಜ್ಜುವ ಬ್ರಷ್ಷು ಇತ್ತು, ಎಡಗೈಯಲ್ಲಿ ಏನೂ ಇರಲಿಲ್ಲ. ಕನ್ನಡಕ ಹಾಕಿಕೊಂಡಿದ್ದೆ. ಇಷ್ಟು ವಿವರವಾಗಿ ಹೇಳುವುದಕ್ಕೆ ಕಾರಣವಿದೆ. ಈ ವಿಷಯ ಕೇಳಿದವರಲ್ಲಿ ಹೆಚ್ಚಿನವರು ಮೊದಲು ಕೇಳುವುದೇ, "ಕನ್ನಡಕ ಹಾಕ್ಕೊಂಡಿದ್ರಾ ಸಾರ್?" ಎಂದು. ಹಾಕಿಕೊಂಡಿದ್ದೆ. ನನ್ನಿಂದ ಹತ್ತಡಿ ದೂರದಲ್ಲಿ, ಕಡಪಾ ಕಲ್ಲಿನ ಕಟ್ಟೆಯ ಮೇಲೆ ಮುಂಗಾಲೆರಡನ್ನೂ ಊರಿಕೊಂಡು, ಮನೆ ಮಾಲೀಕರಾದ ಮುನಿಯಪ್ಪನವರ ಹೋತ ನನ್ನ ಏಳು ವರ್ಷದ ಬೋನ್ಸಾಯ್ ಮರವನ್ನು ತಿನ್ನುತ್ತಿತ್ತು.

ಆ ಮರದ ವಿಷಯ ಹೇಳದಿದ್ದರೆ ನನ್ನ ಸಂಕಟ ನಿಮಗೆ ತಿಳಿಯುವುದಿಲ್ಲ. ಹಲಸೂರಿನಲ್ಲಿ ಒಂದು ಹಳೆಯ ಬಂಗಲೆಯನ್ನು ಕೆಡವುತ್ತಿದ್ದಾಗ ಅದರ ಕಾಂಪೌಂಡ್ ಗೋಡೆಯ ಬಿರುಕಿನಲ್ಲಿ ಒಂದು ತಪಸಿ ಗಿಡ ಹಲ್ಲು ಕಚ್ಚಿಕೊಂಡು ಬದುಕಿತ್ತು. ತಪಸಿ ಎಂದರೆ ಬೋನ್ಸಾಯ್ ಪುಸ್ತಕಗಳು ಎಲ್ಮ್ ಎಂದು ಕೊಂಡಾಡುವ ಜಾತಿಗೆ ನಮ್ಮ ಕಡೆಯ ನೆಂಟ. ಬುಡ ಮುಷ್ಟಿಗಾತ್ರ, ಎತ್ತರ ಮೊಳಕ್ಕಿಂತ ಕಡಿಮೆ. ಉಳಿ ಸುತ್ತಿಗೆ ಹಿಡಿದು ಅದನ್ನು ಗೋಡೆಯಿಂದ ಬಿಡಿಸಿ, ಒದ್ದೆ ಗೋಣಿಯಲ್ಲಿ ಸುತ್ತಿ, ಬಿ.ಟಿ.ಎಸ್. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಸಿ.ವಿ. ರಾಮನ್ ನಗರದ ಪಕ್ಕದ ನಮ್ಮ ಬಾಡಿಗೆ ಮನೆಗೆ ತಂದೆ. ಎರಡು ವರ್ಷ ಮಣ್ಣಿನ ಕುಂಡದಲ್ಲಿ ಸುಧಾರಿಸಿಕೊಂಡಿತು. ಆಮೇಲೆ ಬೇರು ಕತ್ತರಿಸಿ ತಟ್ಟೆಗೆ ಏರಿಸಿದೆ, ಕೊಂಬೆಗಳಿಗೆ ಅಲ್ಯೂಮಿನಿಯಂ ತಂತಿ ಸುತ್ತಿ ಬಾಗಿಸಿದೆ. ಮುನಿಯಪ್ಪನವರು ಒಮ್ಮೆ ಸೊಂಟದ ಮೇಲೆ ಕೈಯಿಟ್ಟು ನೋಡಿ, "ಇದು ತಪಸಿ ಅಲ್ವಾ ಸಾರ್? ನಮ್ಮ ರಾಗಿ ಹೊಲದ ಬದೂಲಿ ಇದನ್ನ ಸೌದೆಗೆ ಕಡೀತಿದ್ವಿ. ನೀವು ತಟ್ಟೇಲಿ ಇಟ್ಟು ಉಪವಾಸ ಕೆಡವಿದ್ದೀರಲ್ಲ, ಪಾಪ," ಎಂದಿದ್ದರು. ಆ ರಾಗಿ ಹೊಲ ಇದ್ದ ಜಾಗದಲ್ಲೇ ಈಗ ಅವರ ಮೂರು ಪೋರ್ಷನ್ನಿನ ಮನೆ ಇತ್ತು.

ಬೋನ್ಸಾಯ್‌ನಲ್ಲಿ ಮರವನ್ನು ಬದುಕಿಸುವುದು ಅರ್ಧ ಕೆಲಸ. ಅದನ್ನು ತಿದ್ದುವುದು ಇನ್ನರ್ಧ. ಎಲೆಗಳನ್ನೆಲ್ಲ ಒಮ್ಮೆಗೇ ತೆಗೆದು, ಚಿಗುರಿನ ತುದಿ ಚಿವುಟಿದರೆ ಮತ್ತೆ ಬರುವ ಎಲೆ ಚಿಕ್ಕದಾಗುತ್ತದೆ, ಕೊಂಬೆ ಒಡೆದು ದಟ್ಟವಾಗುತ್ತದೆ. ಈ ವಿಷಯ ನನಗೆ ಬಾಯಿಪಾಠವಾಗಿತ್ತು. ಆದರೆ ನಾನು ಸರ್ಕಾರಿ ಕಾರ್ಖಾನೆಯೊಂದರ ತಪಾಸಣೆ ವಿಭಾಗದವನು. ನಮ್ಮ ಕೆಲಸ ಅಳೆಯುವುದು. ಕತ್ತರಿಸುವುದು ಬೇರೆ ವಿಭಾಗದವರದು. ಪ್ರತಿ ಭಾನುವಾರ ವರ್ನಿಯರ್ ಕ್ಯಾಲಿಪರ್ ಹಿಡಿದು ಎಲೆಗಳನ್ನು ಅಳೆಯುತ್ತಿದ್ದೆ, ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆ, ಬಹಳ ಯೋಚಿಸಿ ಎರಡು ಎಲೆ ಕತ್ತರಿಸುತ್ತಿದ್ದೆ. ಮುಂದಿನ ಭಾನುವಾರಕ್ಕೆ ಮೂರು ಬಂದಿರುತ್ತಿದ್ದವು. ತಪಸಿ ಎಲೆ ಕಿವುಚಿದರೆ ಒಂಥರಾ ಕೆಟ್ಟ ವಾಸನೆ. ನನ್ನ ಹೆಂಡತಿ ವಿಮಲಾ, "ರೀ, ಸೀಗೆಪುಡಿ ಹಾಕಿ ಕೈ ತೊಳೆದು ಬನ್ನಿ. ಇಲ್ದಿದ್ರೆ ಕಾಫಿ ಲೋಟ ಮುಟ್ಬೇಡಿ," ಎಂದು ಬಾಗಿಲಲ್ಲೇ ತಡೆಯುತ್ತಿದ್ದಳು. ಏಳು ವರ್ಷವಾದರೂ ಎಲೆ ಮಾತ್ರ ಅಂಗೈ ಅಗಲ. ನಮ್ಮ ಬೋನ್ಸಾಯ್ ಸಂಘದ ಹಿರಿಯರಾದ ಹಲಸೂರಿನ ಸರೋಜಾ ಮೇಡಂ ಪ್ರತಿ ವರ್ಷದ ಪ್ರದರ್ಶನದಲ್ಲೂ ನನ್ನ ಮರದ ಮುಂದೆ ನಿಂತು, "ಬೋನ್ಸಾಯ್ ತನ್ನಿ ಅಂದ್ರೆ ಸೊಪ್ಪಿನ ಕಟ್ಟು ತರ್ತೀರಲ್ಲಪ್ಪಾ. ಆ ಬಲಗಡೆ ಕೊಂಬೆ ತೆಗೀರಿ, ಎಷ್ಟು ಸಲ ಹೇಳೋದು?" ಎನ್ನುತ್ತಿದ್ದರು. ಆ ಕೊಂಬೆಗೆ ತಂತಿ ಸುತ್ತಲು ನನಗೆ ಎರಡು ಭಾನುವಾರ ಹಿಡಿದಿತ್ತು. ಹೇಗೆ ತೆಗೆಯಲಿ?

ಹೋತ ತೆಗೆಯಿತು. ನಾನು ಕಂಡದ್ದನ್ನು ಕಂಡ ಹಾಗೆ ಹೇಳುತ್ತೇನೆ. ಅದು ಆತುರಪಡಲಿಲ್ಲ. ಮೊದಲು ತುದಿ, ಆಮೇಲೆ ಎಡಗಡೆ, ಆಮೇಲೆ ಹಿಂದುಗಡೆ. ತಂತಿಯನ್ನು ಮೂಸಿ ಬಿಟ್ಟಿತು. ಬಲಗಡೆಯ ಕೊಂಬೆಯ ಬಳಿ ಬಂದಾಗ ಒಂದು ಕ್ಷಣ ನಿಂತು, ತಲೆಯನ್ನು ಓರೆ ಮಾಡಿ ನೋಡಿ, ಬುಡದಿಂದಲೇ ಮುರಿಯಿತು. ನಾನು ಕೂಗಬೇಕೆಂದುಕೊಂಡೆ. ಬಾಯಿ ತುಂಬ ನೊರೆ. ನುಂಗಿ ಕೂಗುವಷ್ಟರಲ್ಲಿ ಮರದಲ್ಲಿ ಒಂದೆಲೆಯೂ ಉಳಿದಿರಲಿಲ್ಲ.

ಮುನಿಯಪ್ಪನವರು ಓಡಿ ಬಂದರು. "ತಿಂದ್ಬಿಡ್ತಾ? ಎಷ್ಟು ತಿಂತು?"

"ಪೂರ್ತಿ," ಎಂದೆ.

"ಅಯ್ಯೋ! ಔಷಧಿ ಗಿಷಧಿ ಹೊಡೆದಿದ್ರಾ ಸಾರ್? ಊರಮ್ಮನಿಗೆ ಬಿಟ್ಟಿರೋ ಹರಕೆ ಹೋತ ಅದು. ಹೊಟ್ಟೆ ಕೆಟ್ರೆ ಅಮ್ಮನಿಗೆ ಏನು ಜವಾಬು ಕೊಡ್ಲಿ?" ಎಂದು ಹೋತದ ಹೊಟ್ಟೆ ಸವರತೊಡಗಿದರು. ಒಂದು ವಾರ ನನ್ನನ್ನು ಕಂಡಾಗಲೆಲ್ಲ ಅನುಮಾನದಿಂದ ನೋಡಿದರು.

ಮೂರು ವಾರಕ್ಕೆ ಮರ ಚಿಗುರಿತು. ಅಳೆದೆ. ತೊಂಬತ್ತೊಂದು ಮಿಲಿಮೀಟರ್ ಇದ್ದ ಎಲೆ ಹತ್ತೊಂಬತ್ತಕ್ಕೆ ಇಳಿದಿತ್ತು. ಕೊಂಬೆಗಳು ಬೀಸಣಿಗೆಯಂತೆ ಒಡೆದಿದ್ದವು. ಜುಲೈನಲ್ಲಿ ಇಂದಿರಾನಗರದ ಕಲ್ಯಾಣ ಮಂಟಪದಲ್ಲಿ ನಡೆದ ಪ್ರದರ್ಶನದಲ್ಲಿ ಅದಕ್ಕೆ ಮೊದಲ ಬಹುಮಾನ ಬಂತು.

"ಎಲೆ ತೆಗೆದಿದ್ದು ಎಲ್ಲಿ?" ಎಂದರು ಸರೋಜಾ ಮೇಡಂ.

"ಮನೆಯಲ್ಲೇ ಮೇಡಂ." ಇದರಲ್ಲಿ ಸುಳ್ಳಿಲ್ಲ ಎಂಬುದನ್ನು ಓದುಗರು ಗಮನಿಸಬೇಕು.

"ಯಾವ ಕತ್ತರಿ?"

"ಕತ್ತರಿ ಬಳಸಲಿಲ್ಲ."

"ಬರೀ ಕೈಯಲ್ಲಾ!" ಎಂದರು. ನಾನು ಕೆಮ್ಮಿದೆ. ಕೆಮ್ಮಿಗೆ ಅವರು ಏನರ್ಥ ಮಾಡಿಕೊಂಡರೋ, ಕಪ್ ಕೊಡುವಾಗ ಮೈಕಿನಲ್ಲೇ ಘೋಷಿಸಿಬಿಟ್ಟರು: ಮುಂದಿನ ಭಾನುವಾರ ಸಂಘದ ಸದಸ್ಯರೆಲ್ಲ ಇವರ ಮನೆಗೆ, ಇವರ ಕೈಚಳಕ ನೋಡುವುದಕ್ಕೆ.

ಆ ವಾರ ನನಗೆ ನಿದ್ದೆ ಇಲ್ಲ. ಕೈಚಳಕ ತೋರಿಸದಿದ್ದರೆ ಕಪ್ಪಿನ ಜೊತೆ ಮಾನವೂ ಹೋಗುತ್ತದೆ. ಮುನಿಯಪ್ಪನವರಿಗೆ ಎಲ್ಲ ಹೇಳಿಕೊಂಡೆ. "ನೀವು ಸುಮ್ನೆ ಕೂತ್ಕೊಳ್ಳಿ ಸಾರ್, ಹೋತ ಬಿಡ್ತೀನಿ," ಎಂದರು. ಕೈಮುಗಿದು, ದಯವಿಟ್ಟು ಗಟ್ಟಿಯಾಗಿ ಕಟ್ಟಿಹಾಕಿ ಎಂದೆ.

ಹನ್ನೊಂದು ಜನ ಬಂದರು. ವಿಮಲಾ ಎಲ್ಲರಿಗೂ ಕುರ್ಚಿ ಹಾಕಿ ಕಾಫಿ ಕೊಟ್ಟಳು. ನಾನು ಕತ್ತರಿ ತೆಗೆದುಕೊಂಡೆ. ಮೊದಲ ಎಲೆ ಅಳೆದೆ. ಎರಡನೆಯದನ್ನು ಅಳೆದೆ. ಅಭ್ಯಾಸಬಲ, ಬರೆದುಕೊಂಡೆ. ಹದಿನೈದು ನಿಮಿಷದಲ್ಲಿ ನಾಲ್ಕು ಎಲೆ ಕತ್ತರಿಸಿದ್ದೆ. "ಬರೀ ಕೈ ಅಂದ್ರಲ್ಲಪ್ಪಾ? ಹಿಂಗಾದ್ರೆ ನಾವು ರಾತ್ರಿ ಊಟಾನೂ ಇಲ್ಲೇ ಮಾಡ್ಬೇಕಾಗುತ್ತೆ," ಎಂದರು ಮೇಡಂ.

ಆಗ ಹೋತ ಬಂತು. ಹಗ್ಗ ಬಿಚ್ಚಿದವರು ಯಾರೆಂದು ನಾನು ನೋಡಿಲ್ಲ. ನೋಡದ್ದನ್ನು ಹೇಳುವವನೂ ಅಲ್ಲ. ಆ ಹೊತ್ತಿನಲ್ಲಿ ಮುನಿಯಪ್ಪನವರು ಆಕಾಶ ನೋಡುತ್ತಿದ್ದರು ಎಂಬುದನ್ನಷ್ಟೇ ನೋಡಿದ್ದೇನೆ. ಹೋತ ನೆರೆದವರ ನಡುವೆ ನಡೆದು ಬಂದು, ನನ್ನನ್ನು ತಲೆಯಿಂದ ಮೆಲ್ಲಗೆ ಪಕ್ಕಕ್ಕೆ ತಳ್ಳಿ, ಕಟ್ಟೆಯ ಮೇಲೆ ಕಾಲೂರಿತು. ಯಾರೋ ಓಡಿಸಲು ಎದ್ದರು. ಮೇಡಂ ಕೈಯೆತ್ತಿ, "ಶ್! ಡಿಸ್ಟರ್ಬ್ ಮಾಡ್ಬೇಡಿ," ಎಂದರು.

ಆರು ನಿಮಿಷದಲ್ಲಿ ಕೆಲಸ ಮುಗಿಯಿತು. ನಾನು ಕಪ್ ತಂದು ಮೇಡಂ ಮುಂದಿಟ್ಟು ತಲೆ ತಗ್ಗಿಸಿದೆ. "ನಿಮ್ಮತ್ರಾನೇ ಇರ್ಲಿ ಬಿಡಿ, ಅದಕ್ಕೆ ಕೊಟ್ರೆ ತಿಂದ್ಬಿಡುತ್ತೆ," ಎಂದು ನನ್ನನ್ನು ದಾಟಿ ಮುನಿಯಪ್ಪನವರ ಹತ್ತಿರ ಹೋದರು. "ನಮ್ಮನೇಲಿ ಒಂದು ಹುಣಸೆ ಇದೆ, ನನ್ನ ಮಾತೇ ಕೇಳಲ್ಲ. ಬುಧವಾರ ಇದನ್ನ ಕಳಿಸ್ತೀರಾ?"

"ಬುಧವಾರ ಆಗಲ್ಲಮ್ಮ," ಎಂದರು ಮುನಿಯಪ್ಪನವರು, ಬಹಳ ಸಂಕೋಚದಿಂದ. "ಮಂಗಳವಾರ ಹರಕೆ."

ಹೋತ ನನ್ನ ನೋಟ್‌ಬುಕ್ಕಿನ ಒಂದು ಹಾಳೆ ತಿಂದಿತು.

"ಹಾಗಾದ್ರೆ ಸೋಮವಾರ?" ಎಂದರು ಮೇಡಂ.

ಸೋಮವಾರ ಅದು ಆಟೋದಲ್ಲಿ ಹಲಸೂರಿಗೆ ಹೋಗಿ ಹುಣಸೆ ಮುಗಿಸಿಕೊಂಡು ಬಂತು. ಮಂಗಳವಾರ ಮುನಿಯಪ್ಪನವರ ಮನೆಯಿಂದ, ಮಾಂಸ ತಿನ್ನದವರೆಂದು, ನಮಗೆ ಬರೀ ಪಾಯಸ ಬಂತು. ದುಃಖದಲ್ಲಿ ಎರಡು ಲೋಟ ಕುಡಿದೆ.

ಇದನ್ನೆಲ್ಲ ಕಣ್ಣಾರೆ ಕಂಡವರು ಈಗಲೂ ಇದ್ದಾರೆ, ಅನುಮಾನವಿದ್ದವರು ಕೇಳಬಹುದು. ವಿಮಲಾ ಇದ್ದಾಳೆ, ಕೇಳದಿದ್ದರೂ ಹೇಳುತ್ತಾಳೆ. ಮುನಿಯಪ್ಪನವರಿದ್ದಾರೆ, ಹಗ್ಗದ ಮಾತೆತ್ತಿದರೆ ಇಂದಿಗೂ ಆಕಾಶ ನೋಡುತ್ತಾರೆ. ಸರೋಜಾ ಮೇಡಂ ಇದ್ದಾರೆ, ಅವರ ಹುಣಸೆಯ ಮುಂದೆ ನಿಂತವರಿಗೆಲ್ಲ ಹೋತದ ವಿಷಯ ಹೇಳುತ್ತಾರೆ, ನನ್ನ ವಿಷಯ ಹೇಳುವುದಿಲ್ಲ. ಹೋತ ಇಲ್ಲ. ತಪಸಿ ಇದೆ. ಅದರ ಎಲೆ ಮತ್ತೆ ಅಂಗೈ ಅಗಲವಾಗಿದೆ. ಈಗ ಅದನ್ನು ನಾನೇ ನೋಡಿಕೊಳ್ಳುತ್ತಿದ್ದೇನೆ.